ಕಾಲೇಜು ಲ್ಯಾಬಿನಲ್ಲೇ ನ್ಯಾನೋ ರಂಧ್ರಗಳ ಬಂಗಾರ: ಮಾಡುವ ಬಗೆ, ಅಳೆಯುವ ಬಗೆ

ನ್ಯಾನೋ ಅಂದ ಕೂಡಲೇ ನಮ್ಮ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ಬೆಂಗಳೂರಿನ ಕಡೆ ನೋಡುತ್ತಾರೆ. ಕ್ಲೀನ್ ರೂಂ ಬೇಕು, ಕೋಟಿ ಬೆಲೆಯ ಮಷೀನು ಬೇಕು, ದಾವಣಗೆರೆ ಚಿತ್ರದುರ್ಗದಲ್ಲಿ ಅದೆಲ್ಲ ಎಲ್ಲಿ ಸಿಗುತ್ತೆ ಅಂತ ಕೈಚೆಲ್ಲುತ್ತಾರೆ. ಎಷ್ಟೋ ನ್ಯಾನೋ ವಸ್ತುಗಳ ವಿಷಯದಲ್ಲಿ ಈ ಮಾತು ನಿಜ. ನ್ಯಾನೋ ರಂಧ್ರಗಳ ಬಂಗಾರದ ವಿಷಯದಲ್ಲಿ ನಿಜವಲ್ಲ. ಒಂದು ಒಳ್ಳೆಯ ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆ ಎಳೆದು ಹಾಕುವ ಗೂಡು), ನೈಟ್ರಿಕ್ ಆಸಿಡ್, ಒಂದು ತುಂಡು ಬಂಗಾರ-ಬೆಳ್ಳಿಯ ರೇಕು ಇದ್ದರೆ ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ. ನಿಜವಾದ ಕೆಲಸ ಇರುವುದು ಅಳೆಯುವುದರಲ್ಲಿ. ಆ ಅಳತೆಯಲ್ಲೂ ಮುಕ್ಕಾಲು ಭಾಗವನ್ನು ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲೇ ಮುಗಿಸಬಹುದು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಮಾತ್ರ ಹೊರಗೆ ಹೋಗಬೇಕು. ಈ ಬರಹ ಇರುವುದು ಆ ಮುಕ್ಕಾಲು ಭಾಗವನ್ನು ಇಲ್ಲೇ ಅಚ್ಚುಕಟ್ಟಾಗಿ ಮುಗಿಸಿಕೊಂಡು ಹೊರಡಬೇಕು ಅನ್ನುವವರಿಗೆ.

ವಸ್ತು ಎಂಥದು

ಬಲಿತು ಒಣಗಿದ ತುಪ್ಪದ ಹೀರೇಕಾಯಿಯ ಸಿಪ್ಪೆ ತೆಗೆದು ನಾರನ್ನು ನೋಡಿದ್ದೀರಿ ಅಲ್ವಾ? ಎಳೆಗೆ ಎಳೆ ಹೆಣೆದುಕೊಂಡಿರುತ್ತದೆ, ಸಂದುಗಳೂ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಇದರ ರಚನೆಯೂ ಹಾಗೇ, ಆದರೆ ಇಲ್ಲಿ ಎಳೆಗಳೆಲ್ಲ ಬಂಗಾರದವು. ಒಂದೊಂದು ಎಳೆಯ ದಪ್ಪ ಸಾಮಾನ್ಯವಾಗಿ 10ರಿಂದ 50 ನ್ಯಾನೋಮೀಟರ್ (ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್). ಒಟ್ಟು ಜಾಗದಲ್ಲಿ ಮೂರನೇ ಎರಡು ಭಾಗದಷ್ಟು ಬರೀ ಖಾಲಿ.

ಇಷ್ಟು ಸಣ್ಣ ಎಳೆಗಳಾದಾಗ ಮೇಲ್ಮೈ ವಿಪರೀತ ಹೆಚ್ಚುತ್ತದೆ. ಗಟ್ಟಿ ಬಂಗಾರ ಯಾವುದರ ಜೊತೆಗೂ ಸುಲಭಕ್ಕೆ ಸೇರದ ಲೋಹ. ಆದರೆ ನ್ಯಾನೋ ಗಾತ್ರಕ್ಕೆ ಇಳಿದರೆ ಅದೇ ಬಂಗಾರ ಕ್ಯಾಟಲಿಸ್ಟ್ ಆಗಿ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತುವಾಗಿ, ಕೆಲಸ ಮಾಡುತ್ತದೆ. ಬಂಗಾರದ ಸಣ್ಣ ಕಣಗಳು ತಣ್ಣನೆಯ ಸ್ಥಿತಿಯಲ್ಲೂ ಕಾರ್ಬನ್ ಮೊನಾಕ್ಸೈಡನ್ನು ಸುಡಬಲ್ಲವು ಅಂತ ಜಪಾನಿನ ಮಸಾತಾಕೆ ಹರುತಾ 1987ರಲ್ಲಿ ತೋರಿಸಿದರು. ಕಣಗಳೇ ಇಲ್ಲದ ಈ ಎಳೆಗಳ ಬಂಗಾರವೂ ಆ ಕೆಲಸ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಸೆನ್ಸರ್, ಎಲೆಕ್ಟ್ರೋಡ್, ರಾಮನ್ ಸಿಗ್ನಲ್ ಹೆಚ್ಚಿಸುವ ತಳ, ಹೀಗೆ ಬಳಕೆಗಳು ಹಲವು.

ಪತ್ತಾರರಿಗೆ ಗೊತ್ತಿರುವ ಅರ್ಧ

ಹಳೇ ಪೇಟೆಯಲ್ಲಿ ಬಂಗಾರ ಶುದ್ಧ ಮಾಡುವ ಪತ್ತಾರರನ್ನು ಕೇಳಿ ನೋಡಿ. "ಒಡವೆ ಬಂಗಾರ ಸುಮ್ನೆ ಆಸಿಡ್‌ಗೆ ಹಾಕಿದ್ರೆ ಏನೂ ಬಿಡಲ್ಲ ಸಾರ್. ಒಂದು ಪಾಲು ಬಂಗಾರಕ್ಕೆ ಮೂರು ಪಾಲು ಬೆಳ್ಳಿ ಸೇರಿಸಿ ಕರಗಿಸಬೇಕು. ಆಮೇಲೆ ಆಸಿಡ್." ಈ ಮಾತಿನಲ್ಲಿ ನಮ್ಮ ಇಡೀ ವಿಷಯದ ಬೀಜ ಇದೆ. ಬೆಳ್ಳಿ ಕಡಿಮೆ ಇದ್ದರೆ ಹೊರಗಿನ ಒಂದೆರಡು ಪದರದ ಬೆಳ್ಳಿ ಹೋಗುತ್ತದೆ. ಆಮೇಲೆ ಬಂಗಾರವೇ ಒಳಗಿನ ಬೆಳ್ಳಿಗೆ ಕಾವಲಾಗಿ ನಿಲ್ಲುತ್ತದೆ. ಬೆಳ್ಳಿ ಒಂದು ಮಿತಿ ದಾಟಿದರೆ ಮಾತ್ರ ಆಸಿಡ್ ಕೊನೆಯವರೆಗೂ ನುಗ್ಗುತ್ತದೆ.

ಆ ಮಿತಿಯನ್ನು ತೂಕದಲ್ಲಿ ಅಲ್ಲ, ಪರಮಾಣುಗಳ ಲೆಕ್ಕದಲ್ಲಿ ನೋಡಬೇಕು. ಬಂಗಾರದ ಪರಮಾಣು ತೂಕ 197, ಬೆಳ್ಳಿಯದು 108. ನೂರು ಪರಮಾಣುಗಳಲ್ಲಿ ಸುಮಾರು 55ಕ್ಕಿಂತ ಜಾಸ್ತಿ ಬೆಳ್ಳಿ ಇರಬೇಕು. ಬೆರೆಸಿರುವುದು ಬರೀ ಬೆಳ್ಳಿ ಅಂತ ಇಟ್ಟುಕೊಂಡರೆ 18 ಕ್ಯಾರೆಟ್‌ನಲ್ಲಿ ಬೆಳ್ಳಿ 38 ಪರಮಾಣು, ಆಗುವುದಿಲ್ಲ. 14 ಕ್ಯಾರೆಟ್‌ನಲ್ಲಿ 57, ಗೆರೆಯ ಮೇಲೆ ನಿಂತಿದೆ, ನಂಬಬೇಡಿ. 12 ಕ್ಯಾರೆಟ್‌ನಲ್ಲಿ 65, ಚೆನ್ನಾಗಿ ಆಗುತ್ತದೆ. ಪತ್ತಾರರ ಒಂದಕ್ಕೆ ಮೂರು ತೂಕದ ಲೆಕ್ಕದಲ್ಲಿ ಬೆಳ್ಳಿ 85ರ ಹತ್ತಿರ ಹೋಗುತ್ತದೆ. ಅಷ್ಟಾದರೆ ಉಳಿಯುವ ಬಂಗಾರ ಬಿಡಿಬಿಡಿಯಾಗಿ ಕಂದು ಪುಡಿಯಾಗುತ್ತದೆ. ಅವರಿಗೆ ಅದೇ ಬೇಕು, ಮತ್ತೆ ಮೂಸೆಗೆ ಹಾಕಿ ಕರಗಿಸುತ್ತಾರೆ. ನಮಗೆ ಹೆಣಿಗೆ ಒಡೆಯದೆ ಉಳಿಯಬೇಕು. ಹಾಗಾಗಿ ಬೆಳ್ಳಿ 65ರಿಂದ 75 ಪರಮಾಣುಗಳ ನಡುವೆ ಇಟ್ಟುಕೊಳ್ಳಿ.

ಬೆಳ್ಳಿ ಹೋದರೆ ಬರೀ ತೂತುಗಳು ಉಳಿಯಬೇಕಿತ್ತು, ಈ ಹೆಣಿಗೆ ಎಲ್ಲಿಂದ ಬಂತು? ಇದರ ಒಳಗುಟ್ಟನ್ನು ಜೋನಾ ಅರ್ಲಬಾಕರ್ ಮತ್ತು ಸಂಗಡಿಗರು 2001ರಲ್ಲಿ ಕಂಪ್ಯೂಟರ್ ಮಾದರಿಯ ಮೂಲಕ ಬಿಡಿಸಿ ತೋರಿಸಿದರು. ಬೆಳ್ಳಿ ಪರಮಾಣುಗಳು ಮೇಲ್ಮೈಯಿಂದ ಎದ್ದು ಹೋದಂತೆ ಒಂಟಿಯಾದ ಬಂಗಾರದ ಪರಮಾಣುಗಳು ಸುಮ್ಮನೆ ಕೂರುವುದಿಲ್ಲ. ಮೇಲ್ಮೈ ಮೇಲೆ ಓಡಾಡಿ ಒಂದಕ್ಕೊಂದು ಸೇರಿ ಗುಂಪಾಗುತ್ತವೆ. ಗುಂಪುಗಳ ನಡುವಿನ ಬರಿದಾದ ಜಾಗದಲ್ಲಿ ಹೊಸ ಬೆಳ್ಳಿ ಆಸಿಡ್‌ಗೆ ಸಿಗುತ್ತದೆ, ಗುಂಡಿ ಆಳಕ್ಕೆ ಇಳಿಯುತ್ತದೆ. ಬೆಳ್ಳಿ ಕರಗುವ ವೇಗ, ಬಂಗಾರ ಓಡಾಡುವ ವೇಗ, ಇವೆರಡರ ಪೈಪೋಟಿಯೇ ಎಳೆಯ ದಪ್ಪವನ್ನು ತೀರ್ಮಾನಿಸುತ್ತದೆ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಹೇಳುವ ಬಿಸಿ, ಹೊತ್ತು, ನೀರು ಎಲ್ಲದರ ಎಚ್ಚರಿಕೆಗೂ ಕಾರಣ ಇದೇ.

ಮೊದಲು ಹುಡ್, ಆಮೇಲೆ ಆಸಿಡ್

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ನೈಟ್ರಿಕ್ ಆಸಿಡ್ ಬೆಳ್ಳಿಯನ್ನು ಕರಗಿಸುವಾಗ ಕಂದು ಹೊಗೆ ಬರುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್. ಉಸಿರಾಡಿದಾಗ ಒಂಚೂರು ಕೆಮ್ಮು ಬಂದು ಹೋದಂತೆ ಅನ್ನಿಸಬಹುದು. ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಹಾಗಾಗಿ ಹೊಗೆ ಕುಡಿದವರು "ಈಗ ಆರಾಮಿದೀನಿ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಹುಡ್ ಎಳೆಯುತ್ತಿದೆಯಾ ಅಂತ ಒಂದು ಟಿಶ್ಯೂ ಕಾಗದದ ಪಟ್ಟಿ ಹಿಡಿದು ನೋಡಿ. ಪಟ್ಟಿ ಒಳಕ್ಕೆ ಬಾಗಬೇಕು. ನಮ್ಮಲ್ಲಿ ಕರೆಂಟ್ ಹೋಗುವುದು ಮಾಮೂಲು. ಕರೆಂಟ್ ಹೋದರೆ ಹುಡ್ಡೂ ನಿಲ್ಲುತ್ತದೆ, ಹೊಗೆ ಈಚೆ ಬರುತ್ತದೆ. ಹುಡ್ಡಿಗೆ ಜನರೇಟರ್ ಲೈನ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಕರೆಂಟ್ ಹೋದ ತಕ್ಷಣ ಬಾಗಿಲು ಇಳಿಸಿ, ಎಲ್ಲರೂ ರೂಮಿನಿಂದ ಹೊರಗೆ ಬನ್ನಿ ಅಂತ ಮೊದಲೇ ಹೇಳಿಟ್ಟಿರಿ.

ಗಾಗಲ್ಸ್, ಉದ್ದ ತೋಳಿನ ಹತ್ತಿ ಕೋಟು, ಮುಚ್ಚಿದ ಬೂಟು ಬೇಕೇ ಬೇಕು. ಲ್ಯಾಬಿನ ತೆಳು ನೀಲಿ ನೈಟ್ರೈಲ್ ಗ್ಲೌಸ್ ಗಾಢ ನೈಟ್ರಿಕ್ ಆಸಿಡ್‌ಗೆ ಹೆಚ್ಚು ಹೊತ್ತು ತಡೆಯುವುದಿಲ್ಲ. ಅದರ ಮೇಲೆ ದಪ್ಪ ನಿಯೋಪ್ರೀನ್ ಗ್ಲೌಸ್ ಹಾಕಿ. ಅಸಿಟೋನ್, ಸ್ಪಿರಿಟ್ ಯಾವುದನ್ನೂ ಈ ಆಸಿಡ್ ಹತ್ತಿರ ತರಬೇಡಿ. ಅವು ಸೇರಿದರೆ ಬೆಂಕಿ, ಸ್ಫೋಟ ಎರಡೂ ಆಗಬಹುದು. ಕಸದ ಬಾಟಲಿಯಲ್ಲೂ ಒಟ್ಟಿಗೆ ಸುರಿಯಬಾರದು. ಬೆಳ್ಳಿ ಕರಗಿದ ದ್ರಾವಣಕ್ಕೆ ಅಮೋನಿಯ ಹಾಕುವ ಯೋಚನೆಯೂ ಬೇಡ, ಅದು ನಿಂತರೆ ಸಿಡಿಯುವ ಪುಡಿ ಹುಟ್ಟುತ್ತದೆ. ಒಬ್ಬರೇ ಇರುವಾಗ ಈ ಕೆಲಸ ಮಾಡಬೇಡಿ. ಮನೆಯಲ್ಲಿ ಮಾಡುವ ಮಾತಂತೂ ಇಲ್ಲವೇ ಇಲ್ಲ.

ನೀರಿನ ಪರೀಕ್ಷೆ

ನಮ್ಮ ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿಗೆ ಉಪ್ಪು ಜಾಸ್ತಿ. ಆ ನೀರಿನ ಕ್ಲೋರೈಡ್ ಬೆಳ್ಳಿಯ ಜೊತೆ ಸೇರಿದರೆ ಬಿಳಿ ಸಿಲ್ವರ್ ಕ್ಲೋರೈಡ್ ಆಗಿ ರಂಧ್ರಗಳೊಳಗೆ ಕೂರುತ್ತದೆ. ಇನ್ನೊಂದು ಕಾಟವೂ ಇದೆ. ಕ್ಲೋರೈಡ್ ಇದ್ದರೆ ಬಂಗಾರದ ಪರಮಾಣುಗಳು ಮೇಲ್ಮೈ ಮೇಲೆ ಬೇಗ ಓಡಾಡುತ್ತವೆ, ಎಳೆಗಳು ದಪ್ಪಗಾಗುತ್ತವೆ.

ಡಿಸ್ಟಿಲ್ಡ್ ವಾಟರ್ ಅಂತ ಲೇಬಲ್ ಇದ್ದ ಮಾತ್ರಕ್ಕೆ ನಂಬಬೇಡಿ. ಟೆಸ್ಟ್ ಟ್ಯೂಬಿಗೆ 5 ಮಿಲಿ ನೀರು ಹಾಕಿ, ಒಂದು ಹನಿ ನೈಟ್ರಿಕ್ ಆಸಿಡ್, ಒಂದು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಬಿಡಿ. ಕಪ್ಪು ಕಾಗದ ಹಿಂದೆ ಹಿಡಿದು ನೋಡಿ. ಹೊಗೆ ಎಳೆದಂತೆ ಬಿಳಿ ಮಸುಕು ಕಂಡರೆ ಆ ನೀರು ಈ ಕೆಲಸಕ್ಕೆ ಬರುವುದಿಲ್ಲ. ಬೀಕರುಗಳನ್ನೂ ಕೊನೆಯಲ್ಲಿ ಈ ಒಳ್ಳೆಯ ನೀರಿನಿಂದಲೇ ತೊಳೆಯಿರಿ.

ಮೊದಲ ದಾರಿ: ರೇಕು

ಕಲಿಯುವವರಿಗೆ ಇದೇ ಸರಿಯಾದ ದಾರಿ. ಚಿತ್ರದ ಚೌಕಟ್ಟು, ಬೋರ್ಡುಗಳಿಗೆ ಬಂಗಾರ ಹಚ್ಚುವವರು ಬಳಸುವ 12 ಕ್ಯಾರೆಟ್ ಬಿಳಿ ಬಂಗಾರದ ರೇಕು ಸಣ್ಣ ಪುಸ್ತಕದ ಹಾಗೆ ಸಿಗುತ್ತದೆ. ಅರ್ಧ ತೂಕ ಬಂಗಾರ, ಅರ್ಧ ತೂಕ ಬೆಳ್ಳಿ. ದಪ್ಪ ಸುಮಾರು 100 ನ್ಯಾನೋಮೀಟರ್. ಕೊಳ್ಳುವಾಗ ಬಂಗಾರ-ಬೆಳ್ಳಿ ಮಾತ್ರ ಇದೆಯಾ ಅಂತ ಕೇಳಿ. ಒಡವೆ ಅಂಗಡಿಯ ವೈಟ್ ಗೋಲ್ಡ್ ಬೇರೆ, ಅದರಲ್ಲಿ ನಿಕ್ಕಲ್ ಅಥವಾ ಪಲ್ಲೇಡಿಯಂ ಇರುತ್ತದೆ. ಸಿಹಿತಿಂಡಿ ಮೇಲಿನ ಬೆಳ್ಳಿ ರೇಕಂತೂ ಲೆಕ್ಕಕ್ಕಿಲ್ಲ.

1. ಫ್ಯಾನ್ ಆಫ್ ಮಾಡಿ. ರೇಕನ್ನು ಅದರ ಎರಡು ಕಾಗದಗಳ ನಡುವೆಯೇ ಇಟ್ಟು, ಕಾಗದದ ಸಮೇತ ಚೂಪಾದ ಕತ್ತರಿಯಿಂದ 1 ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸಿ. ಬೆರಳು ತಾಗಿದರೆ ಅಂಟಿಕೊಂಡು ಹೋಗುತ್ತದೆ.

2. ಹುಡ್ಡಿನೊಳಗೆ ಅಗಲ ಬಾಯಿಯ ಗಾಜಿನ ತಟ್ಟೆಗೆ 65ರಿಂದ 70 ಶೇಕಡದ ನೈಟ್ರಿಕ್ ಆಸಿಡ್ ಒಂದು ಸೆಂಟಿಮೀಟರ್ ಎತ್ತರಕ್ಕೆ ಹಾಕಿ. ಅದರ ಬಿಸಿಯನ್ನು ಗಾಜಿನ ಥರ್ಮಾಮೀಟರಿನಲ್ಲಿ ನೋಡಿ ಬರೆದುಕೊಳ್ಳಿ. ಡಿಸೆಂಬರಿನ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ನಮ್ಮ ಲ್ಯಾಬುಗಳಲ್ಲಿ ಹದಿನೈದು ಡಿಗ್ರಿ ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಬಿಸಿ ಹೆಚ್ಚಾದರೆ ಬಂಗಾರದ ಓಡಾಟ ಜಾಸ್ತಿ, ಎಳೆ ದಪ್ಪ. "ರೂಂ ಟೆಂಪರೇಚರ್" ಅಂತ ಬರೆದರೆ ಮುಂದಿನವರಿಗೆ ಏನೂ ಗೊತ್ತಾಗುವುದಿಲ್ಲ. ತಟ್ಟೆಯನ್ನು 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

3. ಮೇಲಿನ ಕಾಗದ ತೆಗೆದು, ಕೆಳಗಿನ ಕಾಗದವನ್ನು ಚಿಮಟದಲ್ಲಿ ಹಿಡಿದು ರೇಕನ್ನು ಒಂದು ಸ್ವಚ್ಛ ಗಾಜಿನ ಸ್ಲೈಡಿನ ಅಂಚಿಗೆ ಜಾರಿಸಿ. ಕಾಗದ ಆಸಿಡ್‌ಗೆ ತಾಗಬಾರದು. ಸ್ಲೈಡನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ಆಸಿಡ್‌ಗೆ ಇಳಿಸಿ. ರೇಕು ಕಳಚಿಕೊಂಡು ಮೇಲೆ ತೇಲುತ್ತದೆ, ಸುಕ್ಕುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

4. ಈಗ ಕಣ್ಣಿಟ್ಟು ನೋಡಿ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಚೌಕ ಅಂಚಿನಿಂದ ಬಣ್ಣ ಬಿಡುತ್ತದೆ. ಬಿಳುಪು ಮಂಕಾಗಿ, ತಾಮ್ರದ ಛಾಯೆ ಬಂದು, ಕೊನೆಗೆ ಕಂದಾಗಿ ನಿಲ್ಲುತ್ತದೆ. ಈ ಬದಲಾವಣೆ ಬೇಗ ಆಗುತ್ತದೆ, ಆದರೆ ಬಣ್ಣ ನಿಂತಿತು ಅಂದರೆ ಬೆಳ್ಳಿಯೆಲ್ಲ ಹೋಯಿತು ಅಂತ ಅರ್ಥವಲ್ಲ. ಒಂದು ತುಂಡಿಗೆ 5 ನಿಮಿಷ, ಇನ್ನೊಂದಕ್ಕೆ 15, ಮತ್ತೊಂದಕ್ಕೆ 60 ನಿಮಿಷ ಕೊಡಿ. ಐದು ನಿಮಿಷದ ತುಂಡಿನಲ್ಲಿ ಎಳೆಗಳು ಸುಮಾರು 10ರಿಂದ 15 ನ್ಯಾನೋಮೀಟರ್ ಇರುತ್ತವೆ. ಹೊತ್ತು ಹೆಚ್ಚಿದಂತೆ ದಪ್ಪ ಏರುತ್ತದೆ.

5. ಸ್ವಚ್ಛ ಸ್ಲೈಡನ್ನು ರೇಕಿನ ಕೆಳಗೆ ಓರೆಯಾಗಿ ತೂರಿಸಿ, ಮೇಲೆತ್ತಿ, ಹಾಗೇ ಒಳ್ಳೆಯ ನೀರಿನ ತಟ್ಟೆಗೆ ಇಳಿಸಿ ತೇಲಿಸಿ. ಹತ್ತು ನಿಮಿಷ ಬಿಟ್ಟು ಮತ್ತೊಂದು ಹೊಸ ನೀರಿಗೆ. ಕಡೇ ಪಕ್ಷ ಮೂರು ನೀರು.

6. ಕೊನೆಯ ನೀರಿನಿಂದ ಸಿಲಿಕಾನ್ ತುಂಡು ಅಥವಾ ಗಾಜಿನ ಮೇಲೆ ಎತ್ತಿಕೊಳ್ಳಿ. ಅಂಚಿಗೆ ಫಿಲ್ಟರ್ ಪೇಪರಿನ ಮೂಲೆ ತಾಗಿಸಿ ನೀರು ಹೀರಿಸಿ. ಮುಚ್ಚಿದ ಗಾಜಿನ ಡಬ್ಬಿಯಲ್ಲಿ ತಾನಾಗಿ ಒಣಗಲಿ. ಗಾಜಿನ ಮೇಲಿಟ್ಟು ದ್ರಾವಣದಲ್ಲಿ ಬಳಸುವುದಾದರೆ, ಆ ಗಾಜಿಗೆ ಮೊದಲೇ ಮರ್ಕ್ಯಾಪ್ಟೋಪ್ರೊಪೈಲ್ ಟ್ರೈಮಿಥಾಕ್ಸಿ ಸೈಲೇನ್ ಹಚ್ಚಿದರೆ ಅದರ ಗಂಧಕ ಬಂಗಾರವನ್ನು ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ರೇಕು ಎದ್ದು ತೇಲಿ ಹೋಗುತ್ತದೆ.

ಪ್ರತಿ ತುಂಡಿಗೂ ಆಸಿಡ್‌ನ ಗಾಢತೆ, ಬಿಸಿ, ಹೊತ್ತು, ತೊಳೆದ ನೀರಿನ ಪರೀಕ್ಷೆಯ ಫಲ, ತಾರೀಖು. ಈ ಐದು ಸಂಗತಿ ಪುಸ್ತಕದಲ್ಲಿ ಇಲ್ಲದಿದ್ದರೆ ಆ ತುಂಡನ್ನು ಮುಂದಕ್ಕೆ ಒಯ್ಯುವುದೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೇ ದಾರಿ: ನೀವೇ ಮಾಡಿದ ತಗಡು

ರೇಕು ಅಂದ ಚಂದ, ಆದರೆ ತೂಕಕ್ಕೆ ಸಿಗುವುದಿಲ್ಲ. ತೂಗಿ, ಟೈಟ್ರೇಶನ್ ಮಾಡಿ ಲೆಕ್ಕ ಹೊಂದಿಸಬೇಕು ಅಂದರೆ ತಗಡು ಬೇಕು. ನೂರರಲ್ಲಿ 30 ಪರಮಾಣು ಬಂಗಾರ, 70 ಬೆಳ್ಳಿ ಬೇಕಿದ್ದರೆ 100 ಮಿಲಿಗ್ರಾಂ ಬಂಗಾರಕ್ಕೆ 128 ಮಿಲಿಗ್ರಾಂ ಬೆಳ್ಳಿ. ಎರಡೂ 999 ಟಚ್ ಇರಲಿ. ಆಭರಣದ ಬೆಳ್ಳಿ ಬೇಡ, ಅದರಲ್ಲಿ ತಾಮ್ರ ಇರುತ್ತದೆ.

ಕರಗಿಸುವುದನ್ನು ಕೈ ಪಳಗಿದ ಪತ್ತಾರರಿಗೇ ಬಿಡಿ. ಹೊಸ ಮೂಸೆ ಬಳಸಲು ಹೇಳಿ, ಬಿಳಿಗಾರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬೆಳ್ಳಿ 962 ಡಿಗ್ರಿಗೆ, ಬಂಗಾರ 1064 ಡಿಗ್ರಿಗೆ ಕರಗುತ್ತದೆ. ಎರಡೂ ಯಾವ ಪ್ರಮಾಣದಲ್ಲಾದರೂ ಪೂರ್ತಿ ಬೆರೆಯುತ್ತವೆ, ಅದು ನಮ್ಮ ಪುಣ್ಯ. ಆದರೂ ತಣಿಯುವಾಗ ಒಂದೊಂದು ಕಡೆ ಒಂದೊಂದು ಪ್ರಮಾಣ ಆಗಿರುತ್ತದೆ. ಗುಂಡನ್ನು ಮಫಲ್ ಫರ್ನೇಸಿನಲ್ಲಿ 850 ಡಿಗ್ರಿ ಆಸುಪಾಸು ಒಂದು ದಿನವಾದರೂ ಇಡಿ. ಆಮೇಲೆ ತಂತಿ-ತಗಡು ಎಳೆಯುವ ರೋಲಿಂಗ್ ಮಷೀನಿನಲ್ಲಿ 0.1 ಮಿಲಿಮೀಟರ್ ದಪ್ಪಕ್ಕೆ ತನ್ನಿ. 228 ಮಿಲಿಗ್ರಾಂ ಅಷ್ಟು ದಪ್ಪಕ್ಕೆ ಬಂದಾಗ ಸುಮಾರು 1.3 ಸೆಂಟಿಮೀಟರ್ ಚೌಕ ಆಗುತ್ತದೆ. ರೋಲ್ ಮಾಡಿದ ಮೇಲೆ ಮತ್ತೊಮ್ಮೆ ಕಾಯಿಸಿ ಬಿಗುವು ತೆಗೆಯಿರಿ, ಇಲ್ಲದಿದ್ದರೆ ಆಸಿಡ್‌ನಲ್ಲಿ ಬಿರುಕು ಬಿಡುತ್ತದೆ.

ತಗಡು ಆಸಿಡ್‌ನಲ್ಲಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಇರಬೇಕು. ಅರ್ಧದಲ್ಲಿ ಹೊಸ ಆಸಿಡ್ ಬದಲಿಸಿ, ಹಳೆಯದನ್ನು ಚೆಲ್ಲದೆ ಎತ್ತಿಡಿ. ಕೊನೆಗೆ ಬರುವ ತುಂಡು ಹಪ್ಪಳಕ್ಕಿಂತ ಬೇಗ ಮುರಿಯುತ್ತದೆ. ಚಿಮಟದಲ್ಲಿ ಹಿಡಿಯಬೇಡಿ, ದ್ರವವನ್ನು ಪಿಪೆಟ್ಟಿನಿಂದ ಎಳೆದು ಹೊಸ ನೀರು ಬಿಡಿ.

ಪೊಟೆನ್ಶಿಯೋಸ್ಟಾಟ್ (ಎಲೆಕ್ಟ್ರೋಡಿನ ವೋಲ್ಟೇಜನ್ನು ಹಿಡಿತದಲ್ಲಿಡುವ ಉಪಕರಣ) ಇದ್ದವರು ನೈಟ್ರಿಕ್ ಆಸಿಡ್ ಬದಲು ಒಂದು ಮೋಲಾರ್ ಪರ್ಕ್ಲೋರಿಕ್ ಆಸಿಡ್‌ನಲ್ಲಿ ವೋಲ್ಟೇಜ್ ಕೊಟ್ಟು ಬೆಳ್ಳಿ ಎಳೆಯಬಹುದು. ಎಳೆಗಳು ಇನ್ನೂ ಸಣ್ಣಗೆ ಬರುತ್ತವೆ. ಮಾಮೂಲಿ ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡನ್ನು ನೇರ ಇಳಿಸಬೇಡಿ, ಕ್ಲೋರೈಡ್ ಸೋರುತ್ತದೆ. ಮರ್ಕ್ಯುರಸ್ ಸಲ್ಫೇಟ್ ರೆಫರೆನ್ಸ್ ಸರಿಯಾದದ್ದು. ಈ ದಾರಿಯ ದೊಡ್ಡ ಅನುಕೂಲ ಅಂದರೆ ಹರಿದ ಚಾರ್ಜೇ ಲೆಕ್ಕ ಹೇಳುತ್ತದೆ: ಒಂದು ಮಿಲಿಗ್ರಾಂ ಬೆಳ್ಳಿಗೆ 0.894 ಕೂಲಂಬ್.

ಊರಲ್ಲೇ ಮಾಡುವ ಅಳತೆಗಳು

ಮೊದಲನೆಯದು ತಕ್ಕಡಿ. 228 ಮಿಲಿಗ್ರಾಂ ತಗಡಿನ ಬೆಳ್ಳಿಯೆಲ್ಲ ಹೋದರೆ 100 ಮಿಲಿಗ್ರಾಂ ಉಳಿಯಬೇಕು. 104 ಬಂದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಒಳಗೇ ಇದೆ. ಅಷ್ಟೋ ಇಷ್ಟೋ ಬೆಳ್ಳಿ ಉಳಿದೇ ಉಳಿಯುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕ್ಯಾಟಲಿಸ್ಟ್ ಆಗಿ ಬಳಸುವಾಗ ಆಮ್ಲಜನಕವನ್ನು ಒಡೆಯಲು ಆ ಉಳಿದ ಬೆಳ್ಳಿಯೇ ನೆರವಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ಎಷ್ಟು ಉಳಿದಿದೆ ಅಂತ ಹೇಳದಿರುವುದು ಮಾತ್ರ ತಪ್ಪು.

ಎರಡನೆಯದು ಟೈಟ್ರೇಶನ್. ಎತ್ತಿಟ್ಟ ಆಸಿಡ್ ಮತ್ತು ತೊಳೆದ ನೀರು ಎರಡನ್ನೂ ಕೂಡಿಸಿ. ಹುಡ್ಡಿನಲ್ಲಿ ಅದನ್ನು ನೀರಿಗೆ ನಿಧಾನಕ್ಕೆ ಸುರಿದು ತೆಳುವಾಗಿಸಿ, ಕುದಿಸಿ ಕಂದು ಹೊಗೆ ಪೂರ್ತಿ ಓಡಿಸಿ. ಹೊಗೆ ಉಳಿದಿದ್ದರೆ ಥಯೋಸಯನೇಟ್ ಜೊತೆ ತಾನೇ ಕೆಂಪು ಬಣ್ಣ ಕೊಟ್ಟು ದಾರಿ ತಪ್ಪಿಸುತ್ತದೆ. ತಣಿದ ಮೇಲೆ ಫೆರಿಕ್ ಆಲಂ ಸೂಚಕ ಹಾಕಿ, 0.1 ಮೋಲಾರ್ ಪೊಟ್ಯಾಶಿಯಂ ಥಯೋಸಯನೇಟ್ ಬ್ಯುರೆಟ್ಟಿನಿಂದ ಬಿಡಿ. ಮೊದಲು ಬಿಳಿ ಒತ್ತರ ಕೂರುತ್ತದೆ, ಬೆಳ್ಳಿ ಮುಗಿದ ಕ್ಷಣ ಇಟ್ಟಿಗೆ ಕೆಂಪು ನಿಲ್ಲುತ್ತದೆ. 128 ಮಿಲಿಗ್ರಾಂ ಬೆಳ್ಳಿಗೆ 11.9 ಮಿಲಿ ಬೇಕು. ತಕ್ಕಡಿಯ ಲೆಕ್ಕ, ಬ್ಯುರೆಟ್ಟಿನ ಲೆಕ್ಕ ಎರಡೂ ಕೂಡಿ ಬಂದರೆ ಯಾವ ಎಕ್ಸಾಮಿನರ್ ಮುಂದೆಯೂ ಧೈರ್ಯವಾಗಿ ನಿಲ್ಲಬಹುದು. ಬಿ.ಎಸ್ಸಿ. ಪ್ರಾಕ್ಟಿಕಲ್‌ನ ಸಾಮಾನಿನಲ್ಲೇ ಇದೆಲ್ಲ ಆಗುತ್ತದೆ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ಮೂರನೆಯದು ಮೇಲ್ಮೈ. ಎಳೆಯನ್ನು ಉರುಟಾದ ಕಡ್ಡಿ ಅಂತ ತಿಳಿದರೆ ಒಂದು ಗ್ರಾಮಿನ ಮೇಲ್ಮೈ ಅಂದರೆ ನಾಲ್ಕನ್ನು ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದಷ್ಟು. ಬಂಗಾರದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ವ್ಯಾಸ 20 ನ್ಯಾನೋಮೀಟರ್ ಅಂದರೆ ಗ್ರಾಮಿಗೆ ಸುಮಾರು 10 ಚದರ ಮೀಟರ್. 12 ಕ್ಯಾರೆಟ್ ರೇಕಿನ ಒಂದು ಚದರ ಸೆಂಟಿಮೀಟರಿನಲ್ಲಿ ಬಂಗಾರ ಇರುವುದು ಸುಮಾರು 68 ಮೈಕ್ರೋಗ್ರಾಂ. ಅಂದರೆ ಒಂದು ಚದರ ಸೆಂಟಿಮೀಟರ್ ರೇಕಿನೊಳಗೆ ಏಳು ಚದರ ಸೆಂಟಿಮೀಟರ್ ಮೇಲ್ಮೈ ಅಡಗಿದೆ.

ಇದನ್ನು ಪರೀಕ್ಷಿಸಲು ರೇಕನ್ನು ಎಲೆಕ್ಟ್ರೋಡ್ ಮಾಡಿ 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜನ್ನು ಏರಿಸಿ ಇಳಿಸುತ್ತಾ ಕರೆಂಟ್ ಅಳೆಯುವುದು) ಓಡಿಸಿ. ಏರುವಾಗ ಬಂಗಾರದ ಮೇಲೆ ಆಕ್ಸೈಡಿನ ಒಂದು ಪದರ ಕೂರುತ್ತದೆ, ಇಳಿಯುವಾಗ ಒಂದು ಚೂಪು ಶಿಖರದಲ್ಲಿ ಕಳಚುತ್ತದೆ. ಆ ಶಿಖರದ ಚಾರ್ಜನ್ನು ಚದರ ಸೆಂಟಿಮೀಟರಿಗೆ 390 ಮೈಕ್ರೋಕೂಲಂಬ್‌ನಿಂದ ಭಾಗಿಸಿದರೆ ನಿಜವಾದ ಮೇಲ್ಮೈ ಸಿಗುತ್ತದೆ. ನಮ್ಮ ರೇಕಿಗೆ 2.7 ಮಿಲಿಕೂಲಂಬ್ ಆಸುಪಾಸು ಬರಬೇಕು. ತೀರಾ ಕಡಿಮೆ ಬಂದರೆ ರೇಕು ಎಲ್ಲೋ ಹರಿದು ಸಂಪರ್ಕ ತಪ್ಪಿದೆ, ಅಥವಾ ಎಳೆ ದಪ್ಪವಾಗಿದೆ.

ಎಕ್ಸ್‌-ರೇ ಡಿಫ್ರ್ಯಾಕ್ಶನ್ (ಎಕ್ಸ್‌-ರೇ ಹಾಯಿಸಿ ಹರಳಿನ ರಚನೆ ತಿಳಿಯುವ ವಿಧಾನ) ಬಗ್ಗೆ ಒಂದು ಮಾತು. ಬಂಗಾರ, ಬೆಳ್ಳಿ ಎರಡರ ಹರಳಿನ ಅಳತೆ ಹೆಚ್ಚು ಕಡಿಮೆ ಒಂದೇ: 4.08 ಮತ್ತು 4.09 ಆಂಗ್‌ಸ್ಟ್ರಾಮ್. ಎರಡಕ್ಕೂ ಶಿಖರ 38 ಡಿಗ್ರಿ ಹತ್ತಿರವೇ. ಹಾಗಾಗಿ ಬೆಳ್ಳಿ ಹೋಯಿತೋ ಇಲ್ಲವೋ ಅಂತ ಇದು ಹೇಳುವುದಿಲ್ಲ. ಶಿಖರದ ಅಗಲದಿಂದ ಶೆರರ್ ಸೂತ್ರ ಹಾಕಿ "ಎಳೆಯ ಗಾತ್ರ ಇಷ್ಟು" ಅಂತ ಬರೆಯುವ ಪ್ರಾಜೆಕ್ಟ್ ರಿಪೋರ್ಟುಗಳೂ ಇವೆ. ಅದೂ ಸರಿಯಲ್ಲ. ಮೂಲ ತಗಡಿನ ಒಂದು ಹರಳು ನೂರಾರು ಎಳೆಗಳಲ್ಲಿ ಒಂದೇ ದಿಕ್ಕಿನಲ್ಲಿ ಮುಂದುವರಿದಿರುತ್ತದೆ.

ಮೈಕ್ರೋಸ್ಕೋಪಿಗೆ ಹೊರಡುವ ಮೊದಲು

ಟಂಗ್‌ಸ್ಟನ್ ಫಿಲಮೆಂಟಿನ ಹಳೆಯ ಮಾದರಿಯ ಎಸ್‌ಇಎಂನಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) 15 ನ್ಯಾನೋಮೀಟರ್ ಎಳೆ ಚೆನ್ನಾಗಿ ಕಾಣುವುದಿಲ್ಲ. ಫೀಲ್ಡ್ ಎಮಿಶನ್ ಎಸ್‌ಇಎಂ ಬೇಕು. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಏನೇನು ಸಿಗುತ್ತದೆ ಅಂತ ಮೊದಲು ವಿಚಾರಿಸಿ. ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಹೊರಗಿನ ಕಾಲೇಜಿನವರಿಗೆ ತರಬೇತಿ ಮತ್ತು ಉಪಕರಣ ಒದಗಿಸುವ ಐಎನ್‌ಯುಪಿ ಅನ್ನುವ ಕಾರ್ಯಕ್ರಮ ಇದೆ. ಅರ್ಜಿಯಲ್ಲಿ ಮೇಲಿನ ತಕ್ಕಡಿ, ಟೈಟ್ರೇಶನ್, ವೋಲ್ಟಾಮೆಟ್ರಿ ಅಂಕಿಗಳನ್ನು ಇಟ್ಟರೆ ನೀವು ಕೆಲಸ ಮಾಡಿಕೊಂಡು ಬಂದವರು ಅಂತ ಓದಿದವರಿಗೆ ಗೊತ್ತಾಗುತ್ತದೆ.

ತುಂಡುಗಳನ್ನು ಸಿಲಿಕಾನ್ ಮೇಲೆ ಕೂರಿಸಿ, ಕಾರ್ಬನ್ ಟೇಪಿನಲ್ಲಿ ಸ್ಟಬ್ಬಿಗೆ (ಮೈಕ್ರೋಸ್ಕೋಪಿನೊಳಗೆ ಸ್ಯಾಂಪಲ್ ಕೂರಿಸುವ ಲೋಹದ ಬಿಲ್ಲೆ) ಅಂಟಿಸಿ, ಮುಚ್ಚಳ ತಾಗದ ಡಬ್ಬಿಯಲ್ಲಿ ಒಯ್ಯಿರಿ. ತುಂಡಿನ ಕೋಡನ್ನು ಸ್ಟಬ್ಬಿನ ತಳದಲ್ಲೇ ಗೀಚಿರಿ. ಡಬ್ಬಿಯ ಮೇಲೆ ಮಾತ್ರ ಬರೆದರೆ ಅದಲು ಬದಲಾಗುತ್ತದೆ.

ಅಲ್ಲಿ ಮೊದಲು ಹೇಳಬೇಕಾದ ಮಾತು: "ಸರ್, ಗೋಲ್ಡ್ ಕೋಟಿಂಗ್ ಮಾಡಬೇಡಿ." ವಿದ್ಯುತ್ ಹರಿಯದ ಸ್ಯಾಂಪಲ್ಲುಗಳಿಗೆ ತೆಳು ಬಂಗಾರ ಲೇಪಿಸುವುದು ಆಪರೇಟರುಗಳ ರೂಢಿ. ನಮ್ಮ ಸ್ಯಾಂಪಲ್ಲಿಗೆ ಅದು ಬೇಕಾಗಿಲ್ಲ, ಲೇಪಿಸಿದರೆ ರಂಧ್ರಗಳೇ ಮುಚ್ಚುತ್ತವೆ. ಚಿತ್ರಕ್ಕೆ 5ರಿಂದ 10 ಕಿಲೋವೋಲ್ಟ್ ಸಾಕು. ಒಂದೇ ಜಾಗವನ್ನು ತುಂಬಾ ಹೊತ್ತು ನೋಡುತ್ತಾ ಕೂತರೆ ಕಾರ್ಬನ್ ಕೂತು ಕಪ್ಪಾಗುತ್ತದೆ. ಹತ್ತಿರದ ಜಾಗದಲ್ಲಿ ಫೋಕಸ್ ಮಾಡಿ, ಪಕ್ಕಕ್ಕೆ ಸರಿದು ಚಿತ್ರ ತೆಗೆಯಿರಿ.

ಪ್ರತಿ ತುಂಡಿನಲ್ಲೂ ಕಡೇ ಪಕ್ಷ ಮೂರು ದೂರದೂರದ ಜಾಗ. ಒಂದು ಲಕ್ಷ ಪಟ್ಟು ಹಿಗ್ಗಿಸಿದ ಚಿತ್ರದ ಜೊತೆಗೆ ಹತ್ತು ಸಾವಿರ ಪಟ್ಟಿನದೂ ಇರಲಿ, ಬಿರುಕುಗಳು ಅದರಲ್ಲಿ ಕಾಣುತ್ತವೆ. ಬೆಳ್ಳಿ ಹೋದಾಗ ವಸ್ತು ಕುಗ್ಗುತ್ತದೆ, ಬಿರುಕು ಸಹಜ. ಅದನ್ನು ಬಿಟ್ಟು ಚಂದದ ಮೂಲೆಯನ್ನೇ ತೋರಿಸುವುದು ಓದುವವರಿಗೆ ಮಾಡುವ ಅನ್ಯಾಯ. ಇಡಿಎಸ್‌ನಲ್ಲಿ (ಯಾವ ಧಾತು ಎಷ್ಟಿದೆ ಅಂತ ಎಕ್ಸ್‌-ರೇ ಮೂಲಕ ಹೇಳುವ, ಎಸ್‌ಇಎಂ ಜೊತೆಗಿನ ಉಪಕರಣ) ಉಳಿದ ಬೆಳ್ಳಿಯ ಅಂಕಿ ತೆಗೆದುಕೊಂಡು ತಕ್ಕಡಿಯ ಅಂಕಿಯ ಪಕ್ಕ ಬರೆಯಿರಿ.

ಎಳೆ ಅಳೆಯಲು ಪುಕ್ಕಟೆ ಸಿಗುವ ಇಮೇಜ್‌ಜೆ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್ ಸಾಕು. ಸ್ಕೇಲ್ ಬಾರ್‌ನಿಂದ ಅಳತೆ ಹೊಂದಿಸಿ, ಪ್ರತಿ ಎಳೆಯನ್ನೂ ಅದರ ಅತಿ ಸಣ್ಣ ಕುತ್ತಿಗೆಯಲ್ಲಿ ಅಳೆಯಿರಿ. ಗಂಟುಗಳನ್ನು ಅಳೆಯಬೇಡಿ. ನೂರು ಎಳೆಯಾದರೂ ಆಗಲಿ. ಸರಾಸರಿಯ ಜೊತೆ ಹರವನ್ನೂ ಕೊಡಿ.

ಕಾಯಿಸಿ ನೋಡುವ ಪ್ರಯೋಗ

ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒಂದೇ ದಿನ ಮಾಡಿದ ತುಂಡುಗಳನ್ನು ಮಫಲ್ ಫರ್ನೇಸಿನಲ್ಲಿ 200, 300, 400 ಡಿಗ್ರಿಯಲ್ಲಿ ಒಂದೊಂದು ಗಂಟೆ ಇಡಿ. ಬಂಗಾರ ಕರಗುವ ಬಿಸಿಗಿಂತ ಎಷ್ಟೋ ಕೆಳಗೇ ಎಳೆಗಳು ದಪ್ಪವಾಗುತ್ತವೆ. ಮೇಲ್ಮೈ ಕಡಿಮೆ ಮಾಡಿಕೊಳ್ಳುವುದು ಅವಕ್ಕೆ ಲಾಭ. ಕಂದು ಬಣ್ಣ ಮೆಲ್ಲಗೆ ಮಂಕು ಹಳದಿಗೆ ತಿರುಗುವುದು ಬರಿಗಣ್ಣಿಗೇ ಕಾಣುತ್ತದೆ. ಇನ್ನೊಂದು ಸಾಲಿನಲ್ಲಿ ಬಿಸಿ ಒಂದೇ ಇಟ್ಟು ಹೊತ್ತು ಬದಲಿಸಿ. ಪರಮಾಣುಗಳು ಮೇಲ್ಮೈ ಮೇಲೆ ಸರಿದು ಹೋಗುವುದೇ ಕಾರಣವಾಗಿದ್ದರೆ ವ್ಯಾಸದ ನಾಲ್ಕನೇ ಘಾತ ಹೊತ್ತಿನ ಜೊತೆ ನೇರ ಗೆರೆಯಲ್ಲಿ ಏರಬೇಕು. ಬಂತೋ ಇಲ್ಲವೋ, ಎರಡೂ ಬರೆಯಲು ಯೋಗ್ಯ.

ಬೆಳ್ಳಿ ಚರಂಡಿಗೆ ಬಿಡಬೇಡಿ

ಕರಗಿದ ಬೆಳ್ಳಿ ಕೆರೆಯ ಮೀನು, ಪಾಚಿಗಳಿಗೆ ವಿಷ. ಉಳಿದ ಆಸಿಡನ್ನು ನೀರಿಗೆ ನಿಧಾನಕ್ಕೆ ಸುರಿದು ತೆಳುವಾಗಿಸಿ. ಆಸಿಡ್‌ಗೆ ನೀರು ಸುರಿಯಬಾರದು. ಆಮೇಲೆ ಉಪ್ಪುನೀರು ಹಾಕಿ. ಬೆಳ್ಳಿಯೆಲ್ಲ ಬಿಳಿ ಕ್ಲೋರೈಡ್ ಆಗಿ ಕೆಳಗೆ ಕೂರುತ್ತದೆ. ಸೋಸಿ, ಕಂದು ಬಾಟಲಿಯಲ್ಲಿ ಕೂಡಿಡಿ, ಬೆಳಕಿಗೆ ಅದು ಕಪ್ಪಾಗುತ್ತದೆ. ಸೋಸಿದ ಆಸಿಡನ್ನು ಸೋಡಾದಿಂದ ತಟಸ್ಥ ಮಾಡಿ, ಲ್ಯಾಬಿನ ನಿಯಮದಂತೆ ಒಪ್ಪಿಸಿ. ಉಪ್ಪು ಹಾಕಿದ ಈ ಆಸಿಡ್ ಬಂಗಾರವನ್ನೂ ತಿನ್ನಬಹುದು, ಸ್ಯಾಂಪಲ್ಲುಗಳಿಂದ ದೂರ ಇಡಿ.

ಬಂಗಾರದ ಹೆಣಿಗೆ ಬೇಡ ಅನ್ನುವವರಿಗೆ

ಇದೇ ತತ್ವದ ಹಳೆಯ ಉದಾಹರಣೆ ರೇನಿ ನಿಕ್ಕಲ್. ಅಮೆರಿಕದ ಮರ್ರೆ ರೇನಿ 1920ರ ದಶಕದಲ್ಲಿ ನಿಕ್ಕಲ್-ಅಲ್ಯೂಮಿನಿಯಂನಿಂದ ಕಾಸ್ಟಿಕ್ ಸೋಡಾ ಬಳಸಿ ಅಲ್ಯೂಮಿನಿಯಂ ತೆಗೆದು ಮಾಡಿದ್ದು, ಎಣ್ಣೆಯನ್ನು ಗಟ್ಟಿ ಮಾಡಲು. ಒಣಗಿದರೆ ಗಾಳಿಗೇ ಹೊತ್ತಿಕೊಳ್ಳುತ್ತದೆ. ಕಾಲೇಜಿನಲ್ಲಿ ಬೇಡ.

ನ್ಯಾನೋ ರಂಧ್ರಗಳ ಅಲ್ಯೂಮಿನ ನಮ್ಮ ಫಿಸಿಕ್ಸ್ ಲ್ಯಾಬಿಗೆ ಹೇಳಿ ಮಾಡಿಸಿದ್ದು. 99.99 ಶೇಕಡ ಶುದ್ಧ ಅಲ್ಯೂಮಿನಿಯಂ ತಗಡನ್ನು ಪ್ಲಸ್‌ಗೆ, ಇನ್ನೊಂದು ಲೋಹದ ತುಂಡನ್ನು ಮೈನಸ್‌ಗೆ ಜೋಡಿಸಿ, 0.3 ಮೋಲಾರ್ ಆಕ್ಸಾಲಿಕ್ ಆಸಿಡ್‌ನಲ್ಲಿ ಇಳಿಸಿ. ಐಸ್ ತೊಟ್ಟಿಯಲ್ಲಿ 5 ಡಿಗ್ರಿ ಹತ್ತಿರ, ಕಲಕುತ್ತಾ, 40 ವೋಲ್ಟ್ ಡಿಸಿ. 30 ವೋಲ್ಟಿನ ಎರಡು ಪವರ್ ಸಪ್ಲೈಗಳನ್ನು ಸಾಲಾಗಿ ಜೋಡಿಸಿದರೆ ಸಾಕು. ಕರೆಂಟ್ ಮೊದಲು ಧಡಕ್ಕನೆ ಇಳಿದು, ಸ್ವಲ್ಪ ಏರಿ, ಸಮನಾಗಿ ನಿಲ್ಲುತ್ತದೆ. ಆ ಏರಿಕೆಯೇ ರಂಧ್ರ ತೆರೆದ ಗುರುತು. ಒಂದು ವೋಲ್ಟಿಗೆ ಸುಮಾರು 2.5 ನ್ಯಾನೋಮೀಟರ್ ಲೆಕ್ಕದಲ್ಲಿ 40 ವೋಲ್ಟಿಗೆ ರಂಧ್ರಗಳ ನಡುವಿನ ದೂರ 100 ನ್ಯಾನೋಮೀಟರ್. ಇವನ್ನು ಜೇನುಗೂಡಿನ ಕ್ರಮದಲ್ಲಿ ಬೆಳೆಸಬಹುದು ಅಂತ 1995ರಲ್ಲಿ ಮಸುದಾ ಮತ್ತು ಫುಕುದಾ ತೋರಿಸಿದರು. ಪೂರ್ತಿ ಕ್ರಮ ಬೇಕಿದ್ದರೆ ಮೊದಲ ಪದರ ಕಳಚಿ ಎರಡನೇ ಸಲ ಮಾಡಬೇಕು. ಅದಕ್ಕೆ ಕ್ರೋಮಿಕ್ ಆಸಿಡ್ ಬೇಕು, ಅದು ಕ್ಯಾನ್ಸರ್ ತರುವಂಥದು. ಆಸಿಡ್‌ನ ತ್ಯಾಜ್ಯಕ್ಕೆ ಸರಿಯಾದ ವ್ಯವಸ್ಥೆ ಇಲ್ಲದ ಕಡೆ ಒಂದೇ ಸಲದ್ದಕ್ಕೆ ತೃಪ್ತಿಪಡಿ.

ಹುಡ್ ಕೂಡ ಸರಿಯಿಲ್ಲದ ಕಾಲೇಜಿನವರು ಬಂಗಾರದ ಕಣಗಳಿಂದ ಶುರು ಮಾಡಿ. ಟರ್ಕೆವಿಚ್ 1951ರಲ್ಲಿ ಬಳಕೆಗೆ ತಂದ ವಿಧಾನ ಇದು. ಒಂದು ಮಿಲಿಮೋಲಾರ್ ಕ್ಲೋರೋಆರಿಕ್ ಆಸಿಡ್ 20 ಮಿಲಿಯನ್ನು ಕಲಕುತ್ತಾ ಕುದಿಸಿ. ಒಂದು ಶೇಕಡ ಟ್ರೈಸೋಡಿಯಂ ಸಿಟ್ರೇಟ್ 2 ಮಿಲಿ ಒಮ್ಮೆಗೇ ಹಾಕಿ. ತಿಳಿ ಹಳದಿ ಹೋಗಿ, ಬೂದು ನೀಲಿಯಾಗಿ, ಹತ್ತು ನಿಮಿಷದಲ್ಲಿ ಮಾಣಿಕ್ಯದ ಕೆಂಪು ಬರುತ್ತದೆ. ಕಣಗಳು 15 ನ್ಯಾನೋಮೀಟರ್ ಆಸುಪಾಸು. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 520 ನ್ಯಾನೋಮೀಟರ್ ಹತ್ತಿರ ಶಿಖರ ಸಿಗುತ್ತದೆ. ಒಂದು ಟ್ಯೂಬಿಗೆ ನಾಲ್ಕು ಹನಿ ಉಪ್ಪುನೀರು ಬಿಟ್ಟು ನೋಡಿ: ಕಣಗಳು ಒಂದಕ್ಕೊಂದು ಅಂಟಿ ಕೆಂಪು ನೀಲಿಗೆ ತಿರುಗುತ್ತದೆ, ಶಿಖರ ಅಗಲವಾಗಿ ಉದ್ದ ತರಂಗದ ಕಡೆ ಸರಿಯುತ್ತದೆ. ಗಾಜು ಕೊಳೆಯಾಗಿದ್ದರೆ ಉಪ್ಪು ಹಾಕದೆಯೂ ಹೀಗೇ ಆಗುತ್ತದೆ, ಆಗ ಬೀಕರನ್ನು ಮತ್ತೆ ತೊಳೆದು ಮೊದಲಿನಿಂದ ಮಾಡಿ.